ಗಿಣಿ ಓದದ ಹನ್ನೊಂದು ಪುಟ

ಸೋಮವಾರದ ಕೊನೆಯ ಪೀರಿಯಡ್ಡಿನಲ್ಲಿ ಭಾಷೆಯ ಟೀಚರು ಸೀಮೆಸುಣ್ಣ ಕೆಳಗಿಟ್ಟು, ಈ ಶುಕ್ರವಾರ ತಾವು ಪಾಠ ಮಾಡುವುದಿಲ್ಲ ಎಂದಾಗ ಹತ್ತನೇ ಕ್ಲಾಸಿನ ಮಕ್ಕಳು ಬೆಂಚು ಕುಟ್ಟಿ ಸಂಭ್ರಮಿಸಿದರು.

“ಪೂರ್ತಿ ಕೇಳಿ, ಆಮೇಲೆ ಕುಣೀರಿ,” ಎಂದರು ಟೀಚರು. “ನಾನು ಹಿಂದಿನ ಬೆಂಚಲ್ಲಿ ಕೂತಿರ್ತೀನಿ, ಬಾಯಿ ತೆಗೆಯಲ್ಲ. ಒಂದು ಕಥೆ ಕೊಡ್ತೀನಿ. ಎಲ್ಲರೂ ಮನೇಲಿ ಓದ್ಕೊಂಡು ಬರಬೇಕು. ಚರ್ಚೆ ನಡೆಸೋದು ನಿಮ್ಮಲ್ಲೇ ಒಬ್ಬರು. ಪ್ರಶ್ನೆ ಅವರೇ ಕೇಳಬೇಕು, ಜಗಳ ಅವರೇ ಹಚ್ಚಬೇಕು, ಅವರೇ ಬಿಡಿಸಬೇಕು. ಹೆಡ್ ಮೇಡಂ ಕೂಡ ಬಂದು ಕೂರ್ತಾರೆ.”

ಆ ಒಬ್ಬರು ಯಾರು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಕ್ಲಾಸಿನ ತಲೆಗಳೆಲ್ಲ ಕಿಟಕಿ ಪಕ್ಕದ ಮೂರನೇ ಬೆಂಚಿನ ಕಡೆ ತಿರುಗಿದವು. ಅಲ್ಲಿ ಗಿಣಿ ಕೂತಿದ್ದಳು.

ಗಿಣಿ ಎನ್ನುವುದು ನಾಲ್ಕನೇ ಕ್ಲಾಸಿನಲ್ಲಿ ಅಂಟಿಕೊಂಡ ಹೆಸರು. ಯಾವ ಪದ್ಯವಾದರೂ ಎರಡು ಸಲ ಕಿವಿಗೆ ಬಿದ್ದರೆ ಸಾಕು, ಒಂದಕ್ಷರ ಆಚೀಚೆಯಾಗದಂತೆ ಒಪ್ಪಿಸುತ್ತಿದ್ದಳು. ಮಾತಿಗೆ ನಿಂತರೆ ಅವಳ ಮುಂದೆ ಯಾರೂ ಇಲ್ಲ. ಬರೆಯಲು ಕೂತರೆ ಮಾತ್ರ ಕೋಳಿ ಕೆದಕಿದಂಥ ಅಕ್ಷರ, ಕಂಡಕಂಡಲ್ಲಿ ತಪ್ಪು. “ಬಾಯಿ ಬೆಳ್ಳಿ, ಕೈ ತುಕ್ಕು. ಸೋಮಾರಿತನ ಬಿಟ್ಟರೆ ನೀನೇ ಫಸ್ಟು ಕಣೇ,” ಎಂದು ಟೀಚರು ಮೂರು ವರ್ಷದಿಂದ ಹೇಳುತ್ತ ಬಂದಿದ್ದರು.

ಸೋಮಾರಿತನವಾಗಿರಲಿಲ್ಲ ಅದು. ಹದಿನೈದು ವರ್ಷದ ಆ ಹುಡುಗಿಗೆ ಓದಲು ಬರುತ್ತಿರಲಿಲ್ಲ.

ಅಕ್ಷರ ಗೊತ್ತಿರಲಿಲ್ಲ ಎಂದಲ್ಲ. ಒಂದೊಂದನ್ನೇ ಬೇರೆಬೇರೆಯಾಗಿ ತೋರಿಸಿದರೆ ಹೇಳುತ್ತಿದ್ದಳು. ಸಾಲಾಗಿ ನಿಂತವೋ, ಸಂತೆಯಲ್ಲಿ ಕೈ ಬಿಟ್ಟ ಮಕ್ಕಳ ಹಾಗೆ ದಿಕ್ಕಾಪಾಲಾಗುತ್ತಿದ್ದವು. ‘ಮ’ ಮತ್ತು ‘ವ’ ಒಂದರ ಬಾಲ ಇನ್ನೊಂದು ಕಿತ್ತುಕೊಳ್ಳುತ್ತಿತ್ತು. ‘ದ’ ಎಂದುಕೊಂಡದ್ದು ‘ರ’ ಆಗಿರುತ್ತಿತ್ತು. ಒತ್ತಕ್ಷರಗಳು ಕೆಳಗಿನ ಸಾಲಿಗೆ ಜಾರಿ ಬೀಳುತ್ತಿದ್ದವು. ಅಕ್ಷರದ ನಂತರ ಬರೆದು ಮೊದಲೇ ಉಚ್ಚರಿಸಬೇಕಾದ ಅರ್ಕಾವತ್ತನ್ನು ಕಂಡರಂತೂ ಅಂಗೈ ಬೆವರುತ್ತಿತ್ತು. ಪರೀಕ್ಷೆಯಲ್ಲಿ ಒಂದೆರಡು ಪರಿಚಯದ ಪದ ಹಿಡಿದು, ಪ್ರಶ್ನೆ ಇಂಥದ್ದಿರಬೇಕೆಂದು ಊಹಿಸಿ, ಬಾಯಿಪಾಠವಾಗಿದ್ದನ್ನು ಗೀಚಿ ಹೇಗೋ ದಡ ಮುಟ್ಟುತ್ತಿದ್ದಳು. ಕ್ಲಾಸಿನಲ್ಲಿ ಗಟ್ಟಿಯಾಗಿ ಓದುವ ಸರದಿ ಬಂದರೆ ಮೊದಲೇ ಕೇಳಿಕೊಂಡಿದ್ದ ಪಾಠವನ್ನು ಪುಟ ತಿರುವುತ್ತ ಒಪ್ಪಿಸುತ್ತಿದ್ದಳು. ಕೇಳಿರದ ಪಾಠವಾದರೆ ಕೆಮ್ಮು ಬರುತ್ತಿತ್ತು.

ಆ ಪಾಠಗಳನ್ನೆಲ್ಲ ಅವಳಿಗೆ ಓದಿ ಹೇಳುತ್ತಿದ್ದವಳು ಅಕ್ಕ. ಅವಳೊಬ್ಬಳಿಗೇ ಗುಟ್ಟು ಗೊತ್ತಿದ್ದದ್ದು. ಹಾಗಾಗಿ ಸೋಮವಾರ ಸಂಜೆ ಟೀಚರು ಕೊಟ್ಟ ಹನ್ನೊಂದು ಪುಟಗಳನ್ನು ಚೀಲಕ್ಕೆ ಹಾಕಿಕೊಂಡು ಗಿಣಿ ಮನೆಗೆ ಹೋಗಲಿಲ್ಲ, ನೇರವಾಗಿ ಅಕ್ಕ ಕೆಲಸ ಮಾಡುವ ಲಾಂಡ್ರಿಗೆ ಹೋದಳು.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಉಗಿ ತುಂಬಿತ್ತು. ಅಕ್ಕ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಳು. ಎಡಗಡೆ ಅವಳ ಕುತ್ತಿಗೆಯವರೆಗೆ ಬಿಳಿ ಬಟ್ಟೆಯ ರಾಶಿ.

“ಅಕ್ಕಾ, ಹನ್ನೊಂದೇ ಪುಟ.”

“ಆಗಲ್ಲ.”

“ಪೂರ್ತಿ ಕೇಳು ಮೊದಲು. ಶುಕ್ರವಾರ ನಾನು—”

“ಕೇಳಿದೆ. ಆಗಲ್ಲ. ಆಸ್ಪತ್ರೆ ಬಟ್ಟೆ ಬಂದಿದೆ. ಶನಿವಾರದೊಳಗೆ ಇಷ್ಟೂ ಹೋಗಬೇಕು.”

“ದಿನಕ್ಕೆ ಮೂರೇ ಮೂರು ಪುಟ ಓದಿದ್ರೂ ಸಾಕಲ್ಲೇ. ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ.”

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅವಳಿಗೆ ಹತ್ತೊಂಬತ್ತು ವರ್ಷ. ಅಪ್ಪ ತೀರಿಕೊಂಡ ವರ್ಷ, ಎಂಟನೇ ಕ್ಲಾಸಿನ ನಡುವೆ, ಸ್ಕೂಲು ಬಿಟ್ಟು ಈ ಮೇಜಿನ ಮುಂದೆ ಬಂದು ನಿಂತವಳು ಇನ್ನೂ ನಿಂತೇ ಇದ್ದಳು.

“ನಿನ್ನ ಒಂಬತ್ತನೇ ಕ್ಲಾಸಿನ ಪಾಠ ಎಲ್ಲ ಓದಿದ್ದು ಯಾರು?” ಎಂದಳು. “ಈಗ ಹತ್ತನೇದು ಓದ್ತಿರೋದು ಯಾರು? ಚಪ್ಪಾಳೆ ಯಾರಿಗೆ? ಹೊಟ್ಟೆಕಿಚ್ಚು ಅಂದ್ಕೋ, ಪರವಾಗಿಲ್ಲ. ನಾನು ಓದ್ತಾ ಇರೋವರೆಗೂ ನೀನು ಯಾರ ಹತ್ರಾನೂ ಬಾಯಿ ಬಿಡಲ್ಲ. ಹೋಗಿ ಟೀಚರಿಗೆ ಹೇಳು.”

“ಹೇಳಿದ್ರೆ ಒಂದನೇ ಕ್ಲಾಸಲ್ಲಿ ಕೂರಿಸ್ತಾರೆ.”

“ಕೂರಿಸಲ್ಲ.”

“ನಿಂಗೇನೇ ಗೊತ್ತು ಸ್ಕೂಲಿನ ವಿಷಯ?”

ಮಾತು ಆಡಿದ ಮೇಲೆ ಗಿಣಿ ನಾಲಗೆ ಕಚ್ಚಿಕೊಂಡಳು. ಅಕ್ಕ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು.

“ನಿಜ. ನಂಗೇನು ಗೊತ್ತು,” ಎಂದು ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡಳು. ನೀರು ಚಿಮುಕಿಸಿದ ಬಟ್ಟೆ ಚುಯ್ಯೆಂದಿತು.

ಮಂಗಳವಾರ ಸಂಜೆ ಗಿಣಿ ತಾನೇ ಓದಲು ಕೂತಳು. ಅಮ್ಮ ಬಸ್ ಡಿಪೋದಿಂದ ಬಂದಿರಲಿಲ್ಲ. ಅಮ್ಮನಿಗೆ ಬಸ್ಸು ತೊಳೆಯುವ ಕೆಲಸ, ಸಂಜೆ ಬಸ್ಸುಗಳು ಡಿಪೋಗೆ ಎಷ್ಟು ತಡವಾಗಿ ಮರಳಿದರೆ ಅವಳೂ ಅಷ್ಟು ತಡ. ಮಂಚದ ಮೇಲೆ ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಗಿಣಿ ಬಾಗಿಲ ಬಳಿ ಬೆಳಕಿಗೆ ಕೂತು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸತೊಡಗಿದಳು. ಕೂಡಿಸಿದ್ದು ಮುಂದಿನ ಅಕ್ಷರಕ್ಕೆ ಹೋಗುವಷ್ಟರಲ್ಲಿ ಕಳಚಿಕೊಳ್ಳುತ್ತಿತ್ತು. ಕಣ್ಣು ಉರಿಯತೊಡಗಿತು, ತಲೆ ಸಿಡಿಯಿತು. ಒಂದೂವರೆ ಗಂಟೆಯಲ್ಲಿ ಆರು ಸಾಲು ಆಯಿತು. ಆರು ಸಾಲಿನಿಂದ ಅವಳಿಗೆ ತಿಳಿದದ್ದು ಇಷ್ಟು: ಒಂದು ಮನೆ, ಒಂದು ಸಾವು, ಬೀಗರು ಬಂದಿದ್ದಾರೆ, ಅವರ ಕೈಯಲ್ಲೊಂದು ಚೀಲ.

ಅಷ್ಟಾದರೂ ಸಿಕ್ಕಿತಲ್ಲ ಎಂದು ಬುಧವಾರ ಬೆಳಿಗ್ಗೆ ಪಕ್ಕದ ಬೆಂಚಿನ ಗೆಳತಿಯ ಹತ್ತಿರ ಬಾಣ ಬಿಟ್ಟು ನೋಡಿದಳು. ಆ ಗೆಳತಿ ದಪ್ಪ ಕನ್ನಡಕದವಳು. ಎಲ್ಲರೂ ಅವಳನ್ನು ಸೋಡಾಬುಡ್ಡಿ ಎನ್ನುತ್ತಿದ್ದರು.

“ಸಾವಿನ ಮನೇಲಿ ಬೀಗರ ಗಲಾಟೆ ಚೆನ್ನಾಗಿ ಬರೆದಿದಾರೆ ಅಲ್ವಾ?”

“ಯಾವ ಬೀಗರೇ?” ಸೋಡಾಬುಡ್ಡಿ ಕನ್ನಡಕ ಮೇಲೇರಿಸಿದಳು. ಆಮೇಲೆ ಕಿಸಕ್ಕನೆ ನಕ್ಕಳು. “ಬೀಗದವನು ಕಣೇ, ಬೀಗ ರಿಪೇರಿಯವನು! ಅವನನ್ನ ಬೀಗರನ್ನ ಮಾಡಿಬಿಟ್ಟೆಯಲ್ಲ!” ಎಂದು ಅದನ್ನು ಹಿಂದಿನ ಬೆಂಚಿಗೆ ದಾಟಿಸಿದಳು. ಮಧ್ಯಾಹ್ನದ ಹೊತ್ತಿಗೆ ಇಡೀ ಕ್ಲಾಸು, “ಬೀಗರು ಬಂದರು, ದಾರಿ ಬಿಡಿ,” ಎಂದು ಒಬ್ಬರನ್ನೊಬ್ಬರು ತಳ್ಳಾಡುತ್ತಿತ್ತು. ಗಿಣಿ ಹೊಸ ಜೋಕು ಹೊಸೆದಿದ್ದಾಳೆ ಎಂದೇ ಎಲ್ಲರೂ ತಿಳಿದರು. ಗಿಣಿಯೂ ನಕ್ಕಳು.

ಇನ್ನು ಉಳಿದಿದ್ದದ್ದು ಎರಡು ದಿನ. ಮನೆಗೆ ಹೋಗುವ ದಾರಿಯಲ್ಲಿ ತಪ್ಪು ತಾತ ಕಣ್ಣಿಗೆ ಬಿದ್ದದ್ದು ಆಗಲೇ.

ತಪ್ಪು ತಾತ ಅವರ ಬೀದಿಯ ಕೊನೆಯ ಮನೆಯವರು. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿ ರಿಟೈರಾದವರು. ಅಂಗಡಿ ಬೋರ್ಡುಗಳ ಮುಂದೆ ನಿಂತು ಕಾಗುಣಿತದ ತಪ್ಪು ಹುಡುಕುವುದು, ಅಂಗಡಿಯವನನ್ನು ಹೊರಗೆ ಕರೆದು ತೋರಿಸಿ ಬೈಸಿಕೊಳ್ಳುವುದು ಅವರ ಈಗಿನ ಕೆಲಸ. ಗಿಣಿ ಅವರನ್ನು ನೋಡುತ್ತ ನಿಂತಳು. ಮುಳುಗುವವಳ ಕೈಗೆ ಹುಲ್ಲುಕಡ್ಡಿ ಸಿಕ್ಕಿತು.

ತಾತ ಓದುವಾಗ ತನ್ನ ಕೈಯಲ್ಲೂ ಒಂದಿರಲಿ ಎಂದು ಸೋಡಾಬುಡ್ಡಿಯ ಮನೆಗೆ ಓಡಿ ಅವಳ ಪ್ರತಿಯನ್ನೂ ಬೆಳಗಿನವರೆಗೆಂದು ಇಸಿದುಕೊಂಡು ಬಂದಳು. ತಾತನ ಬಾಗಿಲು ತಟ್ಟಿ, “ತಾತಾ, ಟೀಚರು ಕೊಟ್ಟ ಕಥೇಲಿ ಅಚ್ಚಿನ ತಪ್ಪು ತುಂಬ ಇದೆಯಂತೆ. ನಿಮ್ಮಂಥವರೇ ನೋಡಬೇಕಂತೆ,” ಎಂದಳು.

ತಾತನ ಮುಖ ಅರಳಿದ ರೀತಿ ನೋಡಿ ಅವಳಿಗೆ ನಾಚಿಕೆಯಾಯಿತು. “ಎರಡು ಕಾಪಿ ಇದೆಯಾ? ಹಾಗಿದ್ರೆ ಸರಿ. ಪ್ರೆಸ್ಸಲ್ಲಿ ನಾವು ಯಾವತ್ತೂ ಜೋಡಿಯಾಗೇ ಕೂರ್ತಿದ್ದದ್ದು. ಒಬ್ಬ ಗಟ್ಟಿಯಾಗಿ ಓದೋದು, ಇನ್ನೊಬ್ಬ ತನ್ನ ಕಾಪೀಲಿ ಬೆರಳಿಟ್ಟು ಹಿಂಬಾಲಿಸೋದು. ನಾನು ಓದ್ತೀನಿ. ನನ್ನ ಓದಿಗೂ ನಿನ್ನ ಕಾಪಿಗೂ ವ್ಯತ್ಯಾಸ ಬಂತೋ, ತಕ್ಷಣ ನಿಲ್ಲಿಸು.”

ಅವರು ಓದತೊಡಗಿದರು. ಪ್ರೆಸ್ಸಿನಲ್ಲಿ ಓದುತ್ತಿದ್ದ ಹಾಗೆಯೇ ಓದಿದರು, ಅವರಿಗೆ ಬೇರೆ ಥರ ಓದಲು ಬರುತ್ತಿರಲಿಲ್ಲ.

“ಬೀಗದವನು ಬಂದ ಕಾಮಾ ಚೀಲ ಕೆಳಗಿಟ್ಟ ಕಾಮಾ ಯಾರ ಮುಖವನ್ನೂ ನೋಡಲಿಲ್ಲ ಪೂರ್ಣವಿರಾಮ. ಹೊಸ ಪ್ಯಾರಾ.”

ಗಿಣಿ ಕಾಗದದ ಮೇಲೆ ಬೆರಳು ಜಾರಿಸುತ್ತ ಕಿವಿಯನ್ನು ತೆರೆದಿಟ್ಟಳು. ಕಥೆ ಅವಳೊಳಗೆ ಇಳಿಯತೊಡಗಿತು, ಕಾಮಾ ಪೂರ್ಣವಿರಾಮಗಳ ಸಮೇತ. ಮುದುಕಿಯೊಬ್ಬಳು ಸತ್ತಿದ್ದಾಳೆ. ಅವಳ ಮಂಚದ ಕೆಳಗೆ ಒಂದು ಕಬ್ಬಿಣದ ಪೆಟ್ಟಿಗೆ. ಬೀಗದ ಕೈ ಎಲ್ಲೂ ಇಲ್ಲ. ಮಕ್ಕಳು ಪೆಟ್ಟಿಗೆಯ ಸುತ್ತ ನಿಂತು ಕಚ್ಚಾಡುತ್ತಿದ್ದಾರೆ. ಊರಲ್ಲೇ ಹೆಸರುವಾಸಿಯಾದ ಬೀಗದವನನ್ನು ಕರೆಸುತ್ತಾರೆ. ಅವನು ಎಲ್ಲರನ್ನೂ ಹೊರಗೆ ಕಳಿಸಿ, ಒಬ್ಬನೇ ಕೂತು, ಬೀಗಕ್ಕೆ ಕಿವಿ ಕೊಟ್ಟು, ತಂತಿ ತಿರುಗಿಸುತ್ತಾನೆ. ಬೀಗ ಕಳಚಿಕೊಳ್ಳುತ್ತದೆ. ಮುಚ್ಚಳ ಎತ್ತುತ್ತಾನೆ. ಒಳಗೆ ನೋಡುತ್ತಾನೆ.

ತಾತ ಅಲ್ಲಿಗೆ ನಿಲ್ಲಿಸಿದರು.

“ಮುಂದೆ, ತಾತ?” ಗಿಣಿ ಉಸಿರು ಬಿಗಿಹಿಡಿದಿದ್ದಳು.

“ಮುದುಕಿಗೆ ಎಷ್ಟು ಮಕ್ಕಳು?”

“ಐದು.”

“ನಿನ್ನ ಕಾಪೀಲಿ ನೋಡಿ ಹೇಳು.”

ಅವಳು ಕಾಗದದ ಮೇಲೆ ಕಣ್ಣಾಡಿಸಿ, “ಐದೇ,” ಎಂದಳು.

“ನಾಲ್ಕು ಅಂತ ಇದೆ. ನಾನು ಬೇಕಂತಲೇ ಐದು ಅಂದೆ. ಒಂದ್ಸಲ ಅಲ್ಲ, ಮೂರು ಸಲ. ಎದುರಿಗಿರೋನು ಎಚ್ಚರವಾಗಿದಾನಾ ಅಂತ ನೋಡೋಕೆ ನಾವು ಹಾಗೆ ಮಾಡ್ತೀವಿ. ನೀನು ಮೂರು ಸಲಾನೂ ತಲೆ ಆಡಿಸ್ದೆ.” ತಾತ ಕಾಪಿಯನ್ನು ಮಡಿಸಿ ಅವಳ ಮುಂದಿಟ್ಟರು. “ಇದರಲ್ಲಿ ಒಂದೇ ಒಂದು ತಪ್ಪಿಲ್ಲ. ನನ್ನನ್ನ ಆಟ ಆಡಿಸೋಕೆ ಬಂದೆಯಾ? ಬೀದಿ ಮಕ್ಕಳು ಹಿಂದಿನಿಂದ ಕೂಗ್ತಾರೆ, ಸಹಿಸ್ಕೊಂಡಿದೀನಿ. ನೀನು ಮನೆಯೊಳಗೇ ಬಂದೆ.”

“ಇಲ್ಲ ತಾತ, ನಿಜವಾಗ್ಲೂ ಇಲ್ಲ—”

“ಎದ್ದೇಳು.”

ಓದೋಕೆ ಬರಲ್ಲ ತಾತ ಎಂಬ ಮೂರು ಪದ ಅವಳ ಬಾಯಿಂದ ಹೊರಡಲಿಲ್ಲ. ಎರಡೂ ಪ್ರತಿ ಎತ್ತಿಕೊಂಡು ಹೊರಗೆ ಬಂದಳು. ಬಾಗಿಲು ಮುಚ್ಚಿತು.

ಗುರುವಾರ ಸೋಡಾಬುಡ್ಡಿಗೆ ಕಾಪಿ ಹಿಂತಿರುಗಿಸುತ್ತ, ಸಾಧ್ಯವಾದಷ್ಟು ಉದಾಸೀನವಾಗಿ, “ಪೆಟ್ಟಿಗೇಲಿ ಏನಿತ್ತು ಅಂತೀಯ?” ಎಂದು ಕೇಳಿದಳು.

“ಆಹಾ, ನಾಳೆಯ ಪ್ರಶ್ನೆ ಇವತ್ತೇ ಕೇಳ್ತೀಯಾ? ನಾಳೇನೇ ಹೇಳ್ತೀನಿ, ಹೋಗು,” ಎಂದು ಅವಳು ಹೊರಟುಹೋದಳು.

ಸಂಜೆ ಗಿಣಿ ಗಂಟಲು ಕೆಡಿಸಿಕೊಳ್ಳುವ ಪ್ರಯತ್ನ ಮಾಡಿದಳು. ಬೀದಿ ಮೂಲೆಯ ಅಂಗಡಿಯಿಂದ ಐಸ್ ತಂದು ನೀರಿಗೆ ಹಾಕಿ ನಾಲ್ಕು ಲೋಟ ಕುಡಿದಳು. ದಿಂಬಿಗೆ ಮುಖ ಒತ್ತಿ ಕಿರುಚಿದಳು. ಎದ್ದು, “ಅಮ್ಮಾ,” ಎಂದು ಕರೆದು ನೋಡಿದರೆ ಗಂಟೆ ಬಾರಿಸಿದಂಥ ಧ್ವನಿ. ಹಾಳಾದ ಗಂಟಲು ಎಂದೂ ಅಷ್ಟು ಸ್ಪಷ್ಟವಾಗಿರಲಿಲ್ಲ.

ಅಮ್ಮ ಡಿಪೋದಿಂದ ಬಂದು, ಸೋಪಿನ ನೀರಿಗೆ ಬಿರಿದ ಕೈಗಳಿಂದ ಅವಳ ಯೂನಿಫಾರ್ಮು ಒಗೆಯಲು ಕೂತಳು.

“ಅಮ್ಮಾ, ನಾಳೆ ಸ್ಕೂಲಿಗೆ ಹೋಗಲ್ಲ.”

“ಏನು ಬಂತೇ ನಿಂಗೆ?”

“ಭಯ ಆಗುತ್ತೆ.”

“ನಿಂಗೆ ಭಯಾನಾ!” ಅಮ್ಮ ನಕ್ಕಳು. “ಹುಚ್ಚುಮುಂಡೇದೆ, ನಂಗೆ ಬಸ್ಸಿನ ನಂಬರ್ ಬಿಟ್ರೆ ಇನ್ನೇನೂ ಓದೋಕೆ ಬರಲ್ಲ. ನಿನ್ನಜ್ಜಿಗೆ ಅದೂ ಇಲ್ಲ. ನನ್ನ ಮಗಳು ಹೆಡ್ ಮೇಡಂ ಎದುರಿಗೆ ಪುಸ್ತಕದ ಮೇಲೆ ಮಾತಾಡ್ತಾಳೆ ಅಂತ ಡಿಪೋದಲ್ಲಿ ಎಲ್ಲರಿಗೂ ಹೇಳಿದೀನಿ. ಮ್ಯಾನೇಜರಿಗೂ ಹೇಳಿದೀನಿ.”

ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅಕ್ಕ ಕೈ ನಿಲ್ಲಿಸಿದಳು. ಊಟವಾಗಿ ಚಾಪೆ ಹಾಸಿದ ಮೇಲೆ, ಅಮ್ಮ ಅಜ್ಜಿಗೆ ಮಾತ್ರೆ ಕೊಡುತ್ತಿದ್ದಾಗ, ತಂಗಿಯ ಕಡೆ ಕೈ ಚಾಚಿ ಮೆಲ್ಲಗೆ, “ತಾ ಇಲ್ಲಿ, ಎಲ್ಲಿವರೆಗೂ ಆಗಿದೆ?” ಎಂದಳು.

ಗಿಣಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕೇಳಿಸಿತು. ಸೋಮವಾರ ಬೇಡಿದಾಗ ಇಲ್ಲದ್ದು ಈಗ ಯಾಕೆ ಎಂಬ ಹಟ ಬಂತು. ಕಣ್ಣು ಮುಚ್ಚಿ ನಿದ್ದೆ ನಟಿಸಿದಳು. ಅಕ್ಕನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಹಿಂದಕ್ಕೆ ಹೋಯಿತು.

ಶುಕ್ರವಾರ ಮೂರನೇ ಪೀರಿಯಡ್ಡಿಗೆ ಬೆಂಚುಗಳನ್ನು ಸುತ್ತಲೂ ಜರುಗಿಸಿ ನಡುವೆ ಜಾಗ ಮಾಡಿದ್ದರು. ಹೆಡ್ ಮೇಡಂ ಬಾಗಿಲ ಪಕ್ಕದ ಕುರ್ಚಿಯಲ್ಲಿ ನೋಟ್‌ಬುಕ್ಕು ತೆರೆದು ಕೂತರು. ಭಾಷೆಯ ಟೀಚರು ಹೇಳಿದ ಹಾಗೆ ಕೊನೆಯ ಬೆಂಚಿಗೆ ಹೋದರು.

ಗಿಣಿ ನಿಂತಳು. ಗೊತ್ತಿದ್ದಷ್ಟನ್ನು ಮೊದಲು ಬಿಡುವುದೆಂದು ನಿಶ್ಚಯಿಸಿ, ಕಾಗದ ನೋಡದೆ ಶುರು ಮಾಡಿದಳು. “ಕಥೆಯ ಮೊದಲ ಸಾಲೇ ನೋಡಿ. ಬೀಗದವನು ಬಂದ ಕಾಮಾ ಚೀಲ ಕೆಳಗಿಟ್ಟ ಕಾಮಾ—”

ಕ್ಲಾಸು ಘೊಳ್ಳೆಂದಿತು. ಹೆಡ್ ಮೇಡಂ ಕೂಡ ತುಟಿ ಬಿಗಿಹಿಡಿದು ನಕ್ಕರು. ಇನ್ನು ತಡ ಮಾಡಿದರೆ ಕೆಟ್ಟೆ ಎಂದುಕೊಂಡು ಗಿಣಿ ತನ್ನನ್ನು ಎರಡು ದಿನದಿಂದ ತಿನ್ನುತ್ತಿದ್ದದ್ದನ್ನೇ ಕೇಳಿಬಿಟ್ಟಳು:

“ಪೆಟ್ಟಿಗೆಯೊಳಗೆ ಏನಿತ್ತು?”

ಯಾರಾದರೂ ಹೇಳುತ್ತಾರೆ, ಅಲ್ಲಿಂದ ಹೇಗೋ ಮುಂದೆ ತಳ್ಳಬಹುದು ಎಂದು ಅವಳ ಲೆಕ್ಕ. ಹಿಂದಿನ ಬೆಂಚಿನ ಉದ್ದನೆಯ ಹುಡುಗ, “ಏನೂ ಇರಲಿಲ್ಲ, ಖಾಲಿ,” ಎಂದ.

“ಖಾಲಿ ಆಗಿದ್ರೆ ಅವನ್ಯಾಕೆ ಅಷ್ಟು ಹೊತ್ತು ನೋಡ್ತಾ ಕೂತ?” ಎಂದಳು ಸೋಡಾಬುಡ್ಡಿ. “ಕಾಗದಗಳಿದ್ದವು.”

“ಮಕ್ಕಳ ಹಾಲುಹಲ್ಲು,” ಎಂದಳು ಇನ್ನೊಬ್ಬಳು.

“ಆ ಬೀಗದವನದೇ ಫೋಟೋ!”

ಗಿಣಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಬ್ಬೊಬ್ಬರದೂ ಒಂದೊಂದು ಉತ್ತರ. ಎಲ್ಲರೂ ಸೇರಿ ತನ್ನನ್ನು ಆಡಿಸುತ್ತಿದ್ದಾರೆಯೇ? ಇಲ್ಲ, ಯಾರೂ ಓದಿಯೇ ಇಲ್ಲವೇ? “ಹಾಗಂತ ಎಲ್ಲಿದೆ? ಕಥೇಲಿ ತೋರಿಸಿ,” ಎಂದಳು. ಅದು ಅಂಗಲಾಚುವ ಮಾತಾಗಿತ್ತು. ಕೇಳಿದವರಿಗೆ ಸವಾಲಿನ ಹಾಗೆ ಕೇಳಿಸಿತು. ಪುಟಗಳು ಸರಸರ ತಿರುಗಿದವು. ಒಬ್ಬ ಎದ್ದು ನಿಂತು ಏಳನೇ ಪುಟ ಎಂದ, ಇನ್ನೊಬ್ಬಳು ಅವನನ್ನು ಕೂರಿಸಿ ಒಂಬತ್ತನೇ ಪುಟ ಎಂದಳು. ಹೆಡ್ ಮೇಡಂ ಬರೆಯುವುದನ್ನು ನಿಲ್ಲಿಸಿ ಮುಂದಕ್ಕೆ ಬಾಗಿದರು.

ಗಲಾಟೆಯ ನಡುವೆ, ವರ್ಷಕ್ಕೊಮ್ಮೆಯೂ ಮಾತಾಡದ ಮೂಲೆಯ ಹುಡುಗಿಯೊಬ್ಬಳು ಕೈ ಎತ್ತಿದಳು. “ಒಳಗೆ ಏನಿತ್ತು ಅಂತ ಕಥೇಲಿ ಎಲ್ಲೂ ಹೇಳೇ ಇಲ್ಲ,” ಎಂದಳು. “ಅವನು ಮತ್ತೆ ಬೀಗ ಹಾಕಿ ಹೊರಗೆ ಬಂದು, ನನ್ನ ಕೈಲಿ ಆಗಲಿಲ್ಲ ಅಂತಾನೆ. ಊರೆಲ್ಲ ಅವನನ್ನ ನೋಡಿ ನಗುತ್ತೆ. ಗೊತ್ತಿದ್ದೂ ಗೊತ್ತಿಲ್ಲದವನ ಥರ ಇರೋದು ಎಷ್ಟು ಕಷ್ಟ.”

ಗಿಣಿಗೆ ಆಗ ಕಥೆ ಪೂರ್ತಿಯಾಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ತಾನು ಯಾಕೆ ನಿಂತಿದ್ದೇನೆ ಎಂಬುದೇ ಮರೆತುಹೋಗಿ, “ಗೊತ್ತಿಲ್ಲದೆ ಗೊತ್ತಿದ್ದವರ ಥರ ಇರೋದು ಇನ್ನೂ ಕಷ್ಟ,” ಎಂದಳು. ಕ್ಲಾಸು ಅದನ್ನೂ ಹಿಡಿದು ಜಗ್ಗಾಡಿತು. ಹತ್ತು ನಿಮಿಷ ಅವಳು ನಿಜವಾಗಿಯೂ ಸುಖವಾಗಿದ್ದಳು.

“ಭೇಷ್,” ಎಂದರು ಹೆಡ್ ಮೇಡಂ. “ಆ ಕೊನೇ ಪ್ಯಾರಾ ಒಂದ್ಸಲ ಗಟ್ಟಿಯಾಗಿ ಓದಮ್ಮ. ಏನು ಬರೆದಿದೆ, ಎಲ್ಲರೂ ಕೇಳೋಣ.”

ಗಿಣಿ ಹನ್ನೊಂದನೇ ಪುಟ ಹಿಡಿದಳು. ಕೆಮ್ಮು ಬರಲಿಲ್ಲ. ಬಾಯಿ ತನ್ನಷ್ಟಕ್ಕೆ ತಾನೇ ಶುರುವಾಯಿತು. “ಬೀಗದವನು ಚೀಲವನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದನು. ಬಿಸಿಲು ಜೋರಾಗಿತ್ತು. ಯಾರೋ ನಕ್ಕರು…” ಕಥೆಯ ಧಾಟಿಯಲ್ಲೇ, ಒಂದು ಕಡೆಯೂ ತಡವರಿಸದೆ ಹೇಳುತ್ತ ಹೋದಳು. ಕಾಗದ ನೋಡುತ್ತಿದ್ದ ತಲೆಗಳು ಒಂದೊಂದಾಗಿ ಮೇಲೆದ್ದವು.

“ಅದು ಇಲ್ಲಿಲ್ವಲ್ಲೇ,” ಎಂದು ಸೋಡಾಬುಡ್ಡಿ ಪಿಸುಗುಟ್ಟಿದಳು.

“ಯಾವ ಪುಟ?” ಎಂದ ಉದ್ದನೆಯ ಹುಡುಗ. ನಗು ಶುರುವಾಯಿತು.

“ತಮಾಷೆ ಸಾಕು,” ಎಂದರು ಹೆಡ್ ಮೇಡಂ. “ಇರೋದನ್ನ ಓದು.”

ಗಿಣಿ ಬೆರಳಿಟ್ಟಳು. “ಬೀ… ಗ… ರ…”

“ಬೀಗರು ಬಂದರು!” ಎಂದು ಯಾರೋ ಕೂಗಿದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಕೊನೆಯ ಬೆಂಚಿನಲ್ಲಿ ಒಬ್ಬರು ಮಾತ್ರ ನಗಲಿಲ್ಲ. ಭಾಷೆಯ ಟೀಚರು ಎದ್ದು ನಿಂತಿದ್ದರು. ಕಾಗದಕ್ಕೆ ಒತ್ತಿ ಒತ್ತಿ ಬಿಳಿಚಿಕೊಂಡ ಆ ಬೆರಳನ್ನೇ ನೋಡುತ್ತಿದ್ದರು. “ಸದ್ದು!” ಎಂದು ಅವರು ಕೂಗಿದ್ದಕ್ಕೆ ಇಡೀ ಕೋಣೆ ತಣ್ಣಗಾಯಿತು. ಅದು ಇನ್ನೂ ಕೆಟ್ಟದಾಯಿತು. ಆ ಮೌನದಲ್ಲಿ ಗಿಣಿಯ ಧ್ವನಿ ಒಂದೇ ಉಳಿಯಿತು. “ಆ… ಶ… ಆಶ್… ಚ…” ‘ಆಶ್ಚರ್ಯ’ ಎಂಬ ಪದವನ್ನು ಅವಳು ಮಾತಿನಲ್ಲಿ ಸಾವಿರ ಸಲ ಬಳಸಿದ್ದಳು. ಕಾಗದದ ಮೇಲೆ ಅದು ಗೋಡೆಯ ಹಾಗೆ ನಿಂತಿತ್ತು.

ಕಾಗದವನ್ನು ಬೆಂಚಿನ ಮೇಲಿಟ್ಟು, ಹೆಡ್ ಮೇಡಂ ಕುರ್ಚಿಯ ಪಕ್ಕದಿಂದಲೇ ಹೊರಗೆ ಹೋದಳು.

ಸ್ಕೂಲಿನ ಹಿಂದೆ ನೀರಿನ ಟ್ಯಾಂಕಿನ ಮರೆಯಲ್ಲಿ ಟೀಚರಿಗೆ ಅವಳು ಸಿಕ್ಕಳು. ಟೀಚರು ಒದ್ದೆ ನೆಲದ ಮೇಲೆ ಹಾಗೇ ಪಕ್ಕದಲ್ಲಿ ಕೂತರು.

“ಎಷ್ಟು ದಿನದಿಂದ?”

“ಒಂದನೇ ಕ್ಲಾಸಿಂದ.”

ಟೀಚರು ತಮ್ಮ ಕೈಗಳನ್ನೇ ನೋಡಿಕೊಂಡರು. “ಮೂರು ವರ್ಷ ನಿನ್ನ ಪೇಪರ್ ಮೇಲೆ ಕೆಂಪು ಮಸೀಲಿ ‘ಸೋಮಾರಿ’ ಅಂತ ಬರೆದಿದೀನಲ್ಲೇ ನಾನು.”

ಗಿಣಿ ತಲೆ ಎತ್ತಿದಳು. “ಹಾಗಂತ ಬರೆದಿದ್ರಾ ಟೀಚರ್? ‘ಇನ್ನೂ ಚೆನ್ನಾಗಿ ಮಾಡಬಲ್ಲೆ’ ಅಂತ ಬರೆದಿದಾರೆ ಅಂತ ಅಕ್ಕ ಓದಿ ಹೇಳ್ತಿದ್ಲು.”

ಆಗ ಅಳು ಬಂತು. ಯಾರಿಗೆ ಮೊದಲು ಬಂತು ಎಂದು ಹೇಳುವುದು ಕಷ್ಟ.

ಟೀಚರು ಸಂಜೆ ಮನೆಗೆ ಬಂದರು. ಅಮ್ಮ ಮೊದಲು ನಂಬಲಿಲ್ಲ. ನಂಬಿದ ಮೇಲೆ ಅವಳು ಸ್ಕೂಲಿನ ಮಾತೇ ಎತ್ತಲಿಲ್ಲ. ಮಂಚದ ಮೇಲಿನ ಅಜ್ಜಿಯ ಕಡೆ ನೋಡಿ, ಬಣ್ಣಗೆಟ್ಟ ಮುಖದಲ್ಲಿ ಮಗಳನ್ನು ಕೇಳಿದಳು: “ಹಾಗಾದ್ರೆ ಅಜ್ಜಿ ಮಾತ್ರೆ ಚೀಟಿ? ಎರಡು ವರ್ಷದಿಂದ ನೀನೇ ಓದಿ ಹೇಳ್ತಿದ್ದೆಯಲ್ಲ, ಬೆಳಿಗ್ಗೆ ಯಾವುದು, ರಾತ್ರಿ ಯಾವುದು ಅಂತ?”

“ಮೆಡಿಕಲ್ ಶಾಪಿನವರನ್ನ ಎರಡೆರಡು ಸಲ ಕೇಳ್ಕೊಂಡು ಬರ್ತಿದ್ದೆ ಅಮ್ಮ,” ಎಂದಳು ಗಿಣಿ. “ಬಣ್ಣ ನೋಡಿ ನೆನಪಿಟ್ಕೊಳ್ತಿದ್ದೆ. ಮನೆಗೆ ಬರೋ ದಾರಿ ಪೂರ್ತಿ ಹೇಳ್ಕೊಂಡೇ ಬರ್ತಿದ್ದೆ. ಒಂದ್ಸಲಾನೂ ತಪ್ಪಿಲ್ಲ. ನನ್ನಾಣೆ.”

ಅಮ್ಮ ಕೂತಲ್ಲೇ ಮುಖ ಮುಚ್ಚಿ ಬಿಕ್ಕಿದಳು. ಆಮೇಲೆ ಅಕ್ಕನ ಕಡೆ ತಿರುಗಿ, “ನಿಂಗೆ ಗೊತ್ತಿದ್ದೂ ನನ್ನ ಕತ್ತಲಲ್ಲಿ ಇಟ್ಟೆಯಲ್ಲೇ,” ಎಂದು ಕೈಯೆತ್ತಿದಳು. ಅಕ್ಕ ತಪ್ಪಿಸಿಕೊಳ್ಳಲಿಲ್ಲ. ನಡುವೆ ಬಂದದ್ದು ಟೀಚರು. ಎತ್ತಿದ ಕೈ ಹಿಡಿದುಕೊಂಡೇ ಅಕ್ಕನನ್ನು ಕೇಳಿದರು: “ಹತ್ತನೇ ಕ್ಲಾಸಿನ ಪಾಠ ಎಲ್ಲ ನೀನೇ ಓದಿ ಹೇಳಿದ್ದಾ? ವಿಜ್ಞಾನಾನೂ?”

“ಎಲ್ಲಾ,” ಎಂದಳು ಅಕ್ಕ. ಟೀಚರ ಒತ್ತಾಯಕ್ಕೆ ಆ ವರ್ಷ ಅವಳು ಖಾಸಗಿಯಾಗಿ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಿದ್ದು ಹೀಗೆ.

ಗಿಣಿಯ ದಾರಿ ಅಷ್ಟು ಸಲೀಸಾಗಲಿಲ್ಲ. ದಿನಕ್ಕೊಂದು ಪೀರಿಯಡ್ಡು ಮೂರನೇ ಕ್ಲಾಸಿನ ಚಿಕ್ಕ ಮಕ್ಕಳ ಜೊತೆ ಕೂತು ಓದು ಕಲಿಯಬೇಕೆಂದು ಹೆಡ್ ಮೇಡಂ ಆಜ್ಞೆ ಮಾಡಿದರು. ಮೊಣಕಾಲು ಗಲ್ಲಕ್ಕೆ ತಾಗುವ ಬೆಂಚು. ಕಾರಿಡಾರಿನಲ್ಲಿ ಹಾದುಹೋಗುವವರೆಲ್ಲ ಇಣುಕುತ್ತಿದ್ದರು. ಹೆಸರು ಗಿಣಿ ಹೋಗಿ ಬೀಗರು ಆಯಿತು. ಎರಡು ಸಲ ಚೀಲ ಬಾವಿಗೆ ಎಸೆಯುವೆನೆಂದು ಹೊರಟವಳನ್ನು ಅಮ್ಮ ಹಿಂದಿನಿಂದ ಓಡಿ ಬಂದು ಹಿಡಿದಳು. ಒಂದು ದಿನ, ಬೀದಿಯಲ್ಲಿ ಹಬ್ಬಿದ ಸುದ್ದಿ ಕೇಳಿ, ತಪ್ಪು ತಾತ ತಾವಾಗಿಯೇ ಬಾಗಿಲಿಗೆ ಬಂದು, “ಪ್ರೂಫ್ ನೋಡೋರು ಪದ ಓದಲ್ಲ ಮಗೂ, ಅಕ್ಷರ ಓದ್ತಾರೆ. ನಮ್ಮ ಕೆಲಸದಲ್ಲಿ ನಿಧಾನ ಅನ್ನೋದು ತಪ್ಪಲ್ಲ. ಬಾ,” ಎಂದರು. ವಾರಕ್ಕೆ ಮೂರು ಸಂಜೆ ಅವಳು ಅಲ್ಲಿಗೆ ಹೋದಳು. ಈಗ ಗಟ್ಟಿಯಾಗಿ ಓದುವವಳು ಅವಳು, ಬೆರಳಿಟ್ಟು ಹಿಂಬಾಲಿಸುವವರು ತಾತ. ಒಂದು ಪುಟಕ್ಕೆ ಒಂದು ಸಂಜೆ ಹಿಡಿಯುತ್ತಿತ್ತು. ಕೆಲವು ಸಂಜೆ ಅರ್ಧ ಪುಟಕ್ಕೇ ಅಳುತ್ತ ಎದ್ದು ಬರುತ್ತಿದ್ದಳು.

ಫಲಿತಾಂಶದ ದಿನ ಅಕ್ಕತಂಗಿ ಇಬ್ಬರೂ ಹೋದರು. ಖಾಸಗಿ ಅಭ್ಯರ್ಥಿಗಳ ಪಟ್ಟಿಯಲ್ಲಿ ಅಕ್ಕನ ನಂಬರು ಪ್ರಥಮ ದರ್ಜೆಯಲ್ಲಿತ್ತು. ಅಕ್ಕ ತನ್ನ ಇಸ್ತ್ರಿ ಸುಟ್ಟ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಳು. ಗಿಣಿಗೆ ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಅವಳ ನಂಬರು ಇನ್ನೊಂದು ಹಾಳೆಯಲ್ಲಿತ್ತು, ಪಕ್ಕದಲ್ಲಿ ಏನೋ ಬರೆದಿತ್ತು. ಅಕ್ಕ ಮೆಲ್ಲಗೆ, “ಓದ್ಲಾ?” ಎಂದಳು.

“ಬೇಡ.”

ಜನ ಹಿಂದಿನಿಂದ ತಳ್ಳುತ್ತಿದ್ದರು. ಗಿಣಿ ಬೋರ್ಡಿಗೆ ಬೆರಳೊತ್ತಿ ನಿಂತಳು. ಮೊದಲಿನದು ಬೇಗ ಬಂತು, ಗಣಿತ. ಎರಡನೆಯದರಲ್ಲಿ ಆ ಸುರುಳಿ ಸುರುಳಿ ಅಕ್ಷರದ ಮುಂದೆ ಬಹಳ ಹೊತ್ತು ನಿಂತಳು, ಬಿಟ್ಟಳು, ಮತ್ತೆ ಮೊದಲಿನಿಂದ ಹಿಡಿದಳು. ಅಕ್ಕ ತುಟಿ ಬಿಗಿದುಕೊಂಡು ಕಾದಳು.

“ವಿ… ಜ್ಞಾ… ನ,” ಎಂದಳು ಗಿಣಿ. “ಗಣಿತ, ವಿಜ್ಞಾನ. ಎರಡು ಹೋಗಿದೆ ಕಣೇ.”

“ಹೂಂ,” ಎಂದಳು ಅಕ್ಕ. “ಭಾಷೆ ಪಾಸು.”

“ಅದೂ ನೋಡ್ದೆ.”

ಅಮ್ಮನಿಗೆ ಹೇಳಲು ಇಬ್ಬರೂ ಡಿಪೋದ ಕಡೆ ನಡೆದರು.